ಮೂರು ಎಕ್ಕ ಇದ್ದೂ ಏರಿಸಲಿಲ್ಲ ಯಾಕೆ

ಸುಶೀಲಕ್ಕ,

ನಿಮ್ಮ ಮೇಲೆ ನನಗೆ ಕೋಪ ಇದೆ. ಹೋದವರ ಮೇಲೆ ಕೋಪ ಇಟ್ಕೋಬಾರದು ಅಂತ ಮನೆಯಲ್ಲಿ ಹೇಳ್ತಾರೆ. ಅವರಿಗೇನು? ಆ ಫೈನಲ್ ದಿನ ನಿಮ್ಮ ಕುರ್ಚಿ ಹಿಂದೆ ನಿಂತು ಎಲ್ಲಾ ನೋಡಿದವಳು ನಾನು.

ಬ್ಲೌಸ್ ಹೊಲಿಸೋಕೆ ಅಂತ ನೀವು ನನ್ನ ಅಂಗಡಿಗೆ ಮೊದಲ ಸಲ ಬಂದಿದ್ದು ಚೆನ್ನಾಗಿ ನೆನಪಿದೆ. ನಾನು ತೋಳಿನ ಅಳತೆ ತಗೋತಾ ಇದ್ದೆ. "ಭಾನುವಾರ ಮಧ್ಯಾಹ್ನ ಏನ್ಮಾಡ್ತೀಯಾ?" ಅಂದ್ರಿ. ಮಲಗ್ತೀನಿ ಅಂದೆ. "ಐವತ್ತಕ್ಕೇ ಮಲಗಿಬಿಟ್ರೆ ಹೇಗೆ ಶಾರದಾ? ಬಾ, ಪೋಕರ್ ಕಲಿಸ್ತೀನಿ." ಬಸವೇಶ್ವರನಗರದ ನಮ್ಮ ಪಾರ್ಕಿನ ಹಿಂದಿನ ನಿವಾಸಿಗಳ ಸಂಘದ ಹಾಲ್‌ನಲ್ಲಿ ಹನ್ನೆರಡು ಜನ ಗಂಡಸರು, ಅವರ ಮಧ್ಯೆ ಟೆಲಿಫೋನ್ ಎಕ್ಸ್‌ಚೇಂಜಿಂದ ರಿಟೈರ್ ಆದ ನೀವೊಬ್ಬರೇ ಹೆಂಗಸು; ನಾನು ನಿಮ್ಮ ಹಿಂದೆ ನಿಂತು ನೋಡಿ ಕಲಿತೆ. ಕಟ್ಟೋದು ದುಡ್ಡಲ್ಲ, ಪ್ಲಾಸ್ಟಿಕ್ ಬಿಲ್ಲೆ. ಪ್ರತಿಯೊಬ್ಬರಿಗೂ ಎರಡು ಇಸ್ಪೀಟ್ ಎಲೆ ಗುಟ್ಟಾಗಿ, ಮಧ್ಯೆ ಐದು ಎಲೆ ಎಲ್ಲರಿಗೂ ಕಾಣೋ ಹಾಗೆ, ಅದೂ ಒಂದೇ ಸಲಕ್ಕಲ್ಲ, ಮೊದಲು ಮೂರು, ಆಮೇಲೆ ಒಂದೊಂದೇ. "ಎಲೆ ಓದೋದು ಯಾರಿಗಾದ್ರೂ ಬರುತ್ತೆ ಕಣೇ. ಒಳ್ಳೆ ಎಲೆ ಬಂದಾಗ ಯಾವಾಗ ಪಣ ಏರಿಸ್ತೀಯ, ಅಷ್ಟೇ ಆಟ" ಅಂತ ಹೇಳಿಕೊಟ್ಟವರೇ ನೀವು. ಹೇಳಿಕೊಟ್ಟು ಆಮೇಲೆ...

ಅದರ ಬಗ್ಗೆ ನಾವು ಎಷ್ಟು ಕಿತ್ತಾಡಿಲ್ಲ? ಕಾಫಿ ಆರಿ ಹೋಗೋವರೆಗೂ. ಎದುರಿಗಿರೋನು ಬರೀ ಬಾಯಿ ಜೋರಿನ ಮನುಷ್ಯ ಆದ್ರೆ ಸುಮ್ನೆ ಅವನು ಕಟ್ಟಿದಷ್ಟೇ ಕಟ್ಟು, ಅವನಾಗೇ ಬಿಲ್ಲೆ ತಂದು ಸುರೀತಾನೆ ಅಂತ ನೀವು. ಮುಂದಿನ ಎಲೆ ಬಿದ್ರೆ ಅವನು ನಮ್ಮನ್ನ ಮೀರಿಸೋ ಹಾಗಿದ್ರೆ ಈಗಲೇ ಏರಿಸಿ, ಆ ಎಲೆ ನೋಡೋ ಬೆಲೆ ಅವನಿಗೆ ಭಾರ ಆಗಲಿ ಅಂತ ನಾನು. ನೀವು ನಕ್ಕು, "ನಿಂಗೆ ಕತ್ತರಿ ಹಿಡಿದು ಹಿಡಿದು ಆತುರ ಜಾಸ್ತಿ" ಅಂತಿದ್ರಿ.

ಯುಗಾದಿ ಆದ ಮೇಲಿನ ಭಾನುವಾರ ಮರುಳಯ್ಯ ಸಾರ್ ಆಡಿದ ಆಟ ನಿಮಗೂ ನೆನಪಿರಬೇಕು. ಸಂಘದ ಸೆಕ್ರೆಟರಿ, ದೊಡ್ಡ ಆಫೀಸರ್ ಆಗಿದ್ದವರು. ಮೂರು ರಾಣಿ ಇಟ್ಕೊಂಡು ಕೊನೇವರೆಗೂ ಒಂದು ಸಲವೂ ಏರಿಸದೆ ಸುಮ್ನೆ ಕೂತಿದ್ದು, ಕೊನೆಗೆ ಎಲ್ಲಾ ಬಾಚಿಕೊಂಡ್ರು. ಹಾಲ್ ಪೂರ್ತಿ ಚಪ್ಪಾಳೆ. "ಏನು ತಾಳ್ಮೆ ಸಾರ್, ಏನು ತಲೆ." ನೀವೂ ಚಪ್ಪಾಳೆ ತಟ್ಟಿದ್ರಿ.

ಆಮೇಲೆ ಬಂತು ಸಂಘದ ವಾರ್ಷಿಕೋತ್ಸವದ ಪಂದ್ಯ. ಬಹುಮಾನ ಒಂದು ಮಿಕ್ಸಿ. ಕೊನೆಗೆ ಉಳಿದವರು ನೀವು ಮತ್ತು ಅವರು. ನಿಮ್ಮ ಕೈಯಲ್ಲಿ ಎರಡು ಎಕ್ಕ. ಮಧ್ಯದ ಮೊದಲ ಮೂರು ಎಲೆಯಲ್ಲಿ ಇನ್ನೊಂದು ಎಕ್ಕ. ಮೂರು ಎಕ್ಕ, ಅಕ್ಕ! ಆದ್ರೆ ಉಳಿದೆರಡೂ ಆಟೀನು, ಕೆಂಪು ಹೃದಯದ ಗುರುತಿನವು. ಅವರ ಕೈಯಲ್ಲೂ ಎರಡು ಆಟೀನು ಇದ್ದು, ಮೇಲೆ ಇನ್ನೊಂದು ಬಿದ್ದರೆ ಐದಾಗುತ್ತೆ, ಒಂದೇ ಜಾತಿಯ ಐದು ಎಲೆ ಮೂರು ಎಕ್ಕವನ್ನೂ ಮೀರಿಸುತ್ತೆ, ನೀವು ಮುಗಿದಿರಿ. ಅವರು ಕಟ್ಟಿದ್ರು. ಏರಿಸಿ, ಏರಿಸಿ ಅಂತ ಮನಸ್ಸಲ್ಲೇ ಕೂಗ್ತಾ ಇದ್ದೆ. ನೀವು ಅಷ್ಟೇ ಕಟ್ಟಿದ್ರಿ. ನಾಲ್ಕನೇ ಎಲೆಗೂ ಅಷ್ಟೇ. ಐದನೇದು ಆಟೀನಿನ ಎರಡು ಬಿತ್ತು, ಅವರ ಕೈಯಲ್ಲಿ ಇದ್ದ ಎರಡೂ ಆಟೀನೇ. ಮಿಕ್ಸಿ ಅವರ ಮನೆಗೆ ಹೋಯ್ತು.

ದಾರಿಯಲ್ಲಿ ನಾನು ಆಡಬಾರದ್ದು ಆಡಿದೆ. "ನಿಮಗೆ ಎಲೆ ಇತ್ತು, ಧೈರ್ಯ ಇರಲಿಲ್ಲ" ಅಂದುಬಿಟ್ಟೆ. ನೀವು ತಿರುಗಿ ಬೈದಿದ್ರೆ ಚೆನ್ನಾಗಿರ್ತಿತ್ತು. "ಹೌದಾ?" ಅಂತ ಅಷ್ಟೇ ಕೇಳಿ ನಿಮ್ಮ ಗೇಟ್ ತೆಗೆದು ಒಳಗೆ ಹೋದ್ರಿ. ಎಂಟು ದಿನ ನಾನು ನಿಮ್ಮ ಮನೆ ಕಡೆ ಬರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಿದ್ರಿ ಅಂತ ಪಕ್ಕದ ಮನೆ ಆಂಟಿ ಬಂದು ಹೇಳಿದ್ರು. ಎದೆ ನಿಂತುಹೋಗಿತ್ತಂತೆ.

ಅದೇ ಹಾಲ್‌ನಲ್ಲಿ ನಿಮ್ಮ ಸಂತಾಪ ಸಭೆ ಮಾಡಿದ್ರು. ಮರುಳಯ್ಯ ಸಾರ್ ಮೈಕ್ ಹಿಡಿದು ನಗುನಗುತ್ತಾ ಹೇಳ್ತಾರೆ, "ಒಳ್ಳೆ ಹೆಣ್ಣುಮಗಳು. ಎಲೆ ಇತ್ತು, ಧೈರ್ಯ ಇರಲಿಲ್ಲ. ಹೆಂಗಸರ ಸ್ವಭಾವ, ಏನು ಮಾಡೋದು." ನಾಲ್ಕು ಜನ ನಕ್ಕರು. ನನ್ನದೇ ಮಾತು, ಅಕ್ಕ. ಒಂದಕ್ಷರ ಬದಲಾಗದೆ ಅವರ ಬಾಯಿಂದ ಬಂತು. ಆಗ ಗೊತ್ತಾಯ್ತು ಅದು ಎಷ್ಟು ಕೊಳಕು ಮಾತು ಅಂತ. ಎದ್ದು ನಿಂತೆ.

"ಸಾರ್, ಯುಗಾದಿ ಆದಮೇಲೆ ನೀವು ಮೂರು ರಾಣಿ ಇಟ್ಕೊಂಡು ಸುಮ್ನೆ ಕೂತಿದ್ರಲ್ಲ, ಅದು ತಾಳ್ಮೆ. ಅಕ್ಕ ಮೂರು ಎಕ್ಕ ಇಟ್ಕೊಂಡು ಸುಮ್ನೆ ಕೂತ್ರೆ ಅದು ಭಯ. ಹೇಗೆ ಸಾರ್ ಅದು?"

"ಕೂತ್ಕೊಳ್ಳಿ ಶಾರದಮ್ಮ, ಇದು ಸಂತಾಪ ಸಭೆ."

"ಕೂತ್ಕೊಳ್ಳಲ್ಲ. ಅಕ್ಕ ಲೆಕ್ಕ ತಪ್ಪಿದ್ರು, ಅಲ್ಲಿ ಏರಿಸಬೇಕಿತ್ತು. ತಪ್ಪು ಬೇರೆ, ಹೆದರಿಕೆ ಬೇರೆ. ಹೆದರೋರಾಗಿದ್ರೆ ಆರು ವರ್ಷ ನಿಮ್ಮ ಹನ್ನೆರಡು ಜನದ ಮಧ್ಯೆ ಒಬ್ಬರೇ ಬಂದು ಕೂರ್ತಿದ್ರಾ?"

ಸಭೆ ಮುಗಿದ ಮೇಲೆ ಕೆಂಗೇರಿ ಉಪನಗರದಿಂದ ಬಂದಿದ್ದ ನಿಮ್ಮ ಮಗಳು ಮಮತಾ ನನ್ನ ಪಕ್ಕ ಬಂದು ಕೂತಳು. "ಆಂಟಿ, ಆ ವಾರ ಪೂರ್ತಿ ಅಮ್ಮ ಊಟದ ಟೇಬಲ್ ಮೇಲೆ ಅದೇ ಎಲೆ ಹರಡ್ಕೊಂಡು ಕೂತು ನಂಗೆ ಫೋನ್ ಮಾಡ್ತಿದ್ರು. ಶಾರದಾ ಹೇಳಿದ್ದೇ ಸರಿ, ಎರಡು ಆಟೀನು ಕಂಡಾಗಲೇ ಏರಿಸಬೇಕಿತ್ತು, ಹೋಗಿ ಹೇಳಬೇಕು ಅಂತಿದ್ರು."

ಹಾಗಾದ್ರೆ ಯಾಕೆ ಬಂದು ಹೇಳಲಿಲ್ಲ? ನನ್ನ ಅಂಗಡಿ ಎರಡು ರೋಡ್ ಆಚೆ. ಬಂದು ನಾಲ್ಕು ಮಾತು ಬೈದಿದ್ರೆ ಆಗ್ತಿರಲಿಲ್ವಾ? ನಾನೇ ಬರಬಹುದಿತ್ತು, ಒಪ್ಕೋತೀನಿ. ಆದ್ರೂ ದೊಡ್ಡವರು ನೀವಲ್ವಾ, ನೀವು...

ಸರಿ ಬಿಡಿ. ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಮೊನ್ನೆ ಭಾನುವಾರ ನಾನೇ ಆಡೋಕೆ ಹಾಲ್‌ಗೆ ಹೋದೆ. ಒಬ್ಬಳೇ ಅಲ್ಲ, ಮಮತಾನೂ ಬಂದಳು, ಮಹಾಲಕ್ಷ್ಮಿ ಲೇಔಟ್‌ನಿಂದ ನನ್ನ ತಂಗಿನೂ ಬಂದಳು. ಮೂರನೇ ಆಟಕ್ಕೆ ನನಗೆ ಎರಡು ರಾಜ ಬಂತು. ಮಧ್ಯೆ ಇನ್ನೊಂದು ರಾಜ ಬಿತ್ತು, ಜೊತೆಗೆ ಒಂದೇ ಜಾತಿಯ ಎರಡು ಎಲೆ. ಎದುರಿಗೆ ಮರುಳಯ್ಯ ಸಾರ್. ಅವರು ಕಟ್ಟಿದ್ರು. ನಾನು ತಕ್ಷಣ ಮೂರರಷ್ಟು ಏರಿಸಿದೆ. ಅವರು ಎಲೆ ಕೆಳಗಿಟ್ಟು ಆ ಆಟ ಬಿಟ್ಟರು. ಗೆದ್ದಿದ್ದು ಸ್ವಲ್ಪವೇ, ಆದ್ರೆ ಗೆದ್ದೆ.

ಆಗ ಅವರು ಏನಂದ್ರು ಗೊತ್ತಾ? "ಇಷ್ಟು ಆತುರ ಯಾಕಮ್ಮ? ಸ್ವಲ್ಪ ಕಾದಿದ್ರೆ ಇನ್ನೂ ಸಿಗ್ತಿತ್ತು. ಹೆಂಗಸರಿಗೆ ತಾಳ್ಮೆನೇ ಇಲ್ಲ."

ಮೈಯೆಲ್ಲಾ ಉರಿದುಹೋಯ್ತು, ಅಕ್ಕ. "ಎಲೆ ಹಂಚಿ ಸಾರ್, ನಿಮ್ಮ ಸರದಿ" ಅಂದೆ. ಹಂಚಿದ್ರು.

ನಾಲ್ಕೂವರೆಗೆ ಅವರು ಸೊಂಟ ನೋವು ಅಂತ ಎದ್ದು ಮನೆಗೆ ಹೋದ್ರು. ನಾವು ಮೂರೂ ಜನ ಆರು ಗಂಟೆವರೆಗೂ ಆಡಿದ್ವಿ.

ನಿಮ್ಮ,
ಶಾರದಾ