ಚಿಕ್ಕ ತಲೆಗೆ ಚಿಕ್ಕ ಬೆಲೆ

ನೋಟು ಚಲಾವಣೆಯ ಮೇಲ್ವಿಚಾರಣಾ ಕಚೇರಿಯ ನಿರ್ದೇಶಕರಿಗೆ, ಬ್ಯೂನಸ್ ಐರಿಸ್

ಮಾನ್ಯರೇ, ಮಾನ್ಯರ ಎಡಬಲದ ಸಲಹೆಗಾರರೇ, ಈ ಪತ್ರವನ್ನು ಓದದೆಯೇ ಮೊಹರು ಒತ್ತಲಿರುವ ಗುಮಾಸ್ತರೇ, ಹಾಗೂ ಈ ನಗರದ ಹಾಸಿಗೆಗಳಲ್ಲಿ, ಹಿಟ್ಟಿನ ಡಬ್ಬಗಳಲ್ಲಿ ಮೌನವಾಗಿ ಮಲಗಿರುವ ಸಮಸ್ತ ಡಾಲರ್ ನೋಟುಗಳೇ,

ನನ್ನ ದೂರು ತಲೆಯ ಬಗ್ಗೆ. ನೂರು ಡಾಲರಿನ ಹಳೆಯ ನೋಟಿನಲ್ಲಿ ಅಚ್ಚಾಗಿರುವ ಮಹಾಶಯರ ತಲೆ ಚಿಕ್ಕದು. ಹೊಸ ನೋಟಿನಲ್ಲಿ ಅದೇ ಮಹಾಶಯರ ತಲೆ ದೊಡ್ಡದು. ಅಚ್ಚು ಹಾಕಿದ ದೇಶದಲ್ಲಿ ಎರಡಕ್ಕೂ ಒಂದೇ ಬೆಲೆ. ನಮ್ಮಲ್ಲಿ ಮಾತ್ರ ಚಿಕ್ಕ ತಲೆಗೆ ನೂರಕ್ಕೆ ತೊಂಬತ್ತು, ಅದೂ ಸಿಕ್ಕರೆ. ಈ ವಿಷಯ ‘ಪರಿಶೀಲನೆಯಲ್ಲಿದೆ’ ಎಂದು ತಮ್ಮ ಕಚೇರಿ ಹೇಳತೊಡಗಿ ಮೂರು ಚಳಿಗಾಲ ಕಳೆದವು. ಒಂದು ತಲೆ ಅಳೆಯಲು ಎಷ್ಟು ಚಳಿಗಾಲ ಬೇಕು?

ನಾನು ಬೊಯೆದೊ ಬಡಾವಣೆಯಲ್ಲಿ ಬೀಗದ ಕೈ ಮಾಡಿಕೊಡುವವನು. ನನ್ನ ಚಿಕ್ಕಮ್ಮ ಎರ್ಸಿಲಿಯಾಗೆ ಎಪ್ಪತ್ತೆಂಟು ವರ್ಷ. ಮದುವೆಯ ಉಡುಪು ಹೊಲಿದು ಉಳಿಸಿದ ಡಾಲರುಗಳನ್ನು ಅವಳು ಎಂದೂ ಬ್ಯಾಂಕಿಗೆ ಕೊಡಲಿಲ್ಲ. ದರ್ಜಿಬೊಂಬೆಯ ಎದೆ ಬಿಚ್ಚಿ ಒಳಗಿಟ್ಟು ಮತ್ತೆ ಹೊಲಿದಳು. ಬ್ಯಾಂಕುಗಳು ಜನರ ಠೇವಣಿಗೆ ಬೀಗ ಜಡಿದ ವರ್ಷ ಇಡೀ ಬೀದಿ ಪ್ರತಿಭಟಿಸಿ ಪಾತ್ರೆ ಬಡಿಯುತ್ತ ಹೊರಟರೆ, ಇವಳು ಪಾತ್ರೆಯಲ್ಲಿ ಸಾರು ಕುದಿಸುತ್ತಿದ್ದಳು. ಬೊಂಬೆ ದಿವಾಳಿಯಾದ ದಾಖಲೆ ಇಲ್ಲ.

ಈಗ ಅವಳ ಮಂಡಿ ಸವೆದಿದೆ. ಅವಳಿದ್ದ ಬಾಡಿಗೆ ಮನೆ ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಹನ್ನೊಂದು ದಿನ ಕೆಳಗಿಳಿಯಲಾಗದೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಬ್ರೆಡ್ ತರಿಸಿಕೊಂಡಳು. ಆದ್ದರಿಂದ ನೆಲಮಹಡಿಯಲ್ಲಿ ಒಂದು ಕೋಣೆ ನೋಡಿದಳು. ಬೆಲೆ ಮೂವತ್ತೊಂದು ಸಾವಿರ. ಗ್ಯಾಸ್ ಸಂಪರ್ಕಕ್ಕೆಂದು ಏಳುನೂರು ಬೇರೆ ಎತ್ತಿಟ್ಟಳು.

ಮನೆ ಮಾರುವ ಬಾಲ್ದೊಮೇರೊ ಎಂಬ ಹಿರಿಯರು ನೋಂದಣಿ ಕೋಣೆಯಲ್ಲಿ ನೋಟು ಎಣಿಸುತ್ತ ಅರವತ್ತನಾಲ್ಕನ್ನು ಪಕ್ಕಕ್ಕಿಟ್ಟರು.

“ಬೇಜಾರು ಮಾಡ್ಕೋಬೇಡಿ ಎರ್ಸಿಲಿಯಮ್ಮ, ಇವು ಚಿಕ್ಕ ತಲೆಯವು.”

“ಅವನ ತಲೆ ಚಿಕ್ಕದಾದ್ರೆ ನಿಮಗೇನು ಕಷ್ಟ? ಟೋಪಿ ಹೊಲಿಸ್ಬೇಕಾ?”

“ನನಗೇನಿಲ್ಲಮ್ಮ. ನನ್ನ ಕೈಯಿಂದ ತಗೊಳ್ಳೋನು ಒಪ್ಪಲ್ಲ.”

“ಮೂವತ್ತು ವರ್ಷ ಚಿಕ್ಕ ತಲೆ, ದೊಡ್ಡ ತಲೆ ಒಂದೇ ಬೊಂಬೇಲಿದ್ವು. ಒಂದಿನಾನೂ ಜಗಳ ಆಡ್ಲಿಲ್ಲ.”

ಶುಕ್ರವಾರದೊಳಗೆ ದೊಡ್ಡ ತಲೆ ತರಬೇಕು, ಇಲ್ಲವಾದರೆ ಕೋಣೆ ಬೇರೆಯವರಿಗೆ ಎಂದಾಯಿತು.

ಮಾನ್ಯರೇ, ನಾನು ಆ ‘ತಗೊಳ್ಳೋನನ್ನು’ ಹುಡುಕಿಕೊಂಡು ಹೊರಟೆ. ಬಾಲ್ದೊಮೇರೊ ತೋರಿಸಿದ ವಾಹನ ವ್ಯಾಪಾರಿ, “ನನಗೆ ಓಕೆ, ಫ್ಲೊರಿದಾ ಬೀದಿಯವರು ತಗೊಳ್ಳಲ್ಲ” ಎಂದ. ಫ್ಲೊರಿದಾ ಬೀದಿಯಲ್ಲಿ “ಕಾಂಬಿಯೊ, ಕಾಂಬಿಯೊ” ಎಂದು ನೋಟು ಬದಲಿಸಲು ಗಿರಾಕಿ ಕರೆಯುವವನು, “ನನ್ನದೇನಿದೆ ಗುರುವೇ, ಒಳಗಿನವರು ಬೇಡ ಅಂತಾರೆ” ಎಂದ. ಒಳಗೆ, ಗಡಿಯಾರ ರಿಪೇರಿಯ ಫಲಕದ ಹಿಂದೆ ನೋಟು ಬದಲಿಸುವ ಕೋಣೆಯಲ್ಲಿ ಕುಳಿತಿದ್ದ ಹೆಂಗಸು ನೋಟನ್ನು ಮೂಸಿ ನೋಡಿ ಹೇಳಿದಳು: “ನೋಟು ಚೊಕ್ಕಾಗಿದೆ. ಆದ್ರೆ ಗಿರಾಕಿಗಳು ಮುಟ್ಟಲ್ಲ. ಮೊನ್ನೆ ತಾನೆ ಬಾಲ್ದೊಮೇರೊ ಅಂತ ಒಬ್ರು ವಾಪಸ್ ಕೊಟ್ಟು ಹೋದ್ರು.”

ಇದೇ ತಾವು ಕಾವಲು ಕಾಯುತ್ತಿರುವ ಮಾರುಕಟ್ಟೆ. ನಾಲ್ವರಿಗೂ ನೋಟಿನ ಮೇಲೆ ನಂಬಿಕೆಯಿದೆ, ಮುಂದಿನವನ ಮೇಲಿಲ್ಲ. ಮುಂದಿನವನನ್ನು ಬೆನ್ನಟ್ಟಿದರೆ ಹಿಂದಿನವನೇ ಸಿಗುತ್ತಾನೆ. ಷೇರು, ಸಾಲಪತ್ರ, ನಮ್ಮ ಪೆಸೊ ಎಲ್ಲವೂ ಇದೇ ಸುತ್ತಿನಲ್ಲಿ ತಿರುಗುತ್ತವೆಯೆಂದು ಓದಿದ್ದೇನೆ. ಅಲ್ಲಿ ಇದಕ್ಕೆ ಗಾಜಿನ ಕಟ್ಟಡ, ಇಲ್ಲಿ ಗಡಿಯಾರದ ಫಲಕ. ತಲೆಗೊಂದು ಬೆಲೆ, ಬೆಲೆಗಿಲ್ಲ ನೆಲೆ. ಅನುಮಾನಕ್ಕೆ ಯಜಮಾನನೇ ಇಲ್ಲದಿರುವಾಗ, ಯಜಮಾನಿಕೆಗೆಂದೇ ಸಂಬಳ ಪಡೆಯುವ ತಾವು ಒಂದು ಸಾಲು ಬರೆಯಬಾರದೇ?

ಕೊನೆಗೆ ಗುರುವಾರ ಒಬ್ಬ ಸಜ್ಜನ ನನ್ನ ಮೂಲಕ ಅರವತ್ತನಾಲ್ಕು ನೋಟುಗಳನ್ನೂ ಶೇಕಡ ಹತ್ತು ಕಡಿತಕ್ಕೆ ಕೊಂಡ. ಕೋಣೆ ಚಿಕ್ಕಮ್ಮನದಾಯಿತು. ಗ್ಯಾಸಿನ ಏಳುನೂರರಲ್ಲಿ ಆರುನೂರ ನಲವತ್ತು ಕಡಿತಕ್ಕೆ ಹೋಯಿತು. ಇಂದು ಅವಳು ಒಂದೇ ಸುರುಳಿಯ ಕರೆಂಟ್ ಒಲೆಯಲ್ಲಿ ಅಡುಗೆ ಮಾಡುತ್ತಾಳೆ. ಅನ್ನವಾದ ಮೇಲೆ ಸಾರು, ಸಾರಾಗುವಷ್ಟರಲ್ಲಿ ಅನ್ನ ಆರಿರುತ್ತದೆ.

ಆದ್ದರಿಂದ ನನ್ನ ಒತ್ತಾಯ: ಚಿಕ್ಕ ತಲೆ, ದೊಡ್ಡ ತಲೆ ಸಮವೆಂದೂ, ಕಡಿತ ಮಾಡುವವರಿಗೆ ದಂಡವೆಂದೂ ಈ ತಿಂಗಳೊಳಗೆ ಆದೇಶ ಹೊರಡಿಸಿ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸಜ್ಜನ ನಾನೇ.

ತಮ್ಮ ಆದೇಶ ‘ಶೀಘ್ರದಲ್ಲೇ’ ಬರಲಿದೆಯೆಂದು ಅಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದ್ದೆ. ಬೀಗದ ಕೈ ಕೊರೆಯುವ ಹೊಸ ಯಂತ್ರಕ್ಕೆಂದು ಕೂಡಿಟ್ಟಿದ್ದ ದೊಡ್ಡ ತಲೆಗಳನ್ನು ಕೊಟ್ಟು ಅವಳ ನೋಟುಗಳನ್ನು ನಾನೇ ಇಟ್ಟುಕೊಂಡೆ. ಆದೇಶ ಬಂದರೆ ಕಡಿತದಷ್ಟೂ ಲಾಭ ನನಗೆ. ಬರಲಿಲ್ಲ, ಈಗ ಚಿಕ್ಕ ತಲೆಗೆ ಎಂಬತ್ತೂ ಕಷ್ಟ. ನ್ಯಾಯ ಕೇಳುತ್ತಿರುವವನ ಮೇಜಿನ ಖಾನೆಯಲ್ಲಿ ಅರವತ್ತನಾಲ್ಕು ತಲೆಗಳಿವೆ.

ಹೋದ ಭಾನುವಾರ ಚಿಕ್ಕಮ್ಮ ಮಾಂಸ, ಜೋಳ, ಬಟಾಟೆ ಹಾಕಿ ಪುಚೇರೊ ಬೇಯಿಸಿದ್ದಳು, ಆ ಒಂದೇ ಒಲೆಯಲ್ಲಿ, ನಾಲ್ಕು ಗಂಟೆ. ಹೊರಡುವಾಗ ಒಂದು ಡಬ್ಬಿ ಕೈಗಿಟ್ಟಳು. “ನೋಟು ತಗೊಂಡ ಆ ಪುಣ್ಯಾತ್ಮನಿಗೆ ಕೊಡು ಮಗಾ. ಅವನು ಇಲ್ದಿದ್ರೆ ನಾನಿನ್ನೂ ಹಗ್ಗದಲ್ಲಿ ಬುಟ್ಟಿ ಬಿಡ್ತಿದ್ದೆ.”

ಅಂಗಡಿಗೆ ಬಂದು ತಿಂದೆ. ಡಬ್ಬಿ ತೊಳೆದು ಹಿಂದಿರುಗಿಸಿದಾಗ, “ಏನಂದ?” ಎಂದು ಕೇಳಿದಳು.

“ಉಪ್ಪು ಸರಿಯಾಗಿತ್ತಂತೆ” ಎಂದೆ.

ಇಂತಿ,
ಯಾವ ದರಕ್ಕೂ ಬದಲಿಸಿಕೊಳ್ಳಲಾಗದ ತಲೆಯುಳ್ಳ,
ಲಿಸಾಂದ್ರೊ, ಬೀಗದ ಅಂಗಡಿ, ಬೊಯೆದೊ