ಹಿಟ್ಟು ಹೆಚ್ಚಾಗೈತಿ

ಇಂಡಿ
೨೬ ಡಿಸೆಂಬರ್ ೨೦೨೪

ಪ್ರೀತಿಯ ತಮ್ಮ ಮಾಳಿಂಗರಾಯನಿಗೆ,

ಅಕ್ಕ ರಾಜಶ್ರೀಯ ಆಶೀರ್ವಾದಗಳು. ಇಲ್ಲಿ ನಾನೂ ನಮ್ಮ ಮನೆಯವರೂ ಆರಾಮವಾಗಿದ್ದೇವೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ದಿನಾ ಖಾನಾವಳಿಯ ಊಟ ಮಾಡುವವನು ಹೇಗಿರುತ್ತಾನೆಂದು ಗೊತ್ತು.

"ಸಂಜೀಕ ಹುಡುಗಿಗೆ ಏನ ಮಾಡಿ ಹಾಕ್ಲಿ ಅಕ್ಕಾ? ಸರಳ ಇರೂವಂಥಾದ್ದು ಬರದು ಕಳಸು" ಎಂದು ನೀನು ಕೇಳಿದ್ದು ದೀಪಾವಳಿಯಲ್ಲಿ. ಈಗ ಎಳ್ಳಮಾವಾಸ್ಯೆ ಬಂದಿದೆ. ತಡವಾಯಿತು, ತಪ್ಪು ತಿಳಿಯಬೇಡ. ಕಾಲೇಜಿನಲ್ಲಿ ಪರೀಕ್ಷೆ ನಡೆದಿತ್ತು, ಉತ್ತರಪತ್ರಿಕೆ ತಿದ್ದುವುದಿತ್ತು. ಕಾರಣಗಳಿಗೇನು, ಹುಡುಕಿದರೆ ಸಿಕ್ಕೇ ಸಿಗುತ್ತವೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲಕ್ಕೂ "ಹೂಂ ಅಕ್ಕಾ" ಎಂದು, ಇಟ್ಟ ಮೇಲೆ ಬಾಣಲೆಗೆ ಮೊದಲು ಎಣ್ಣೆಯೋ ಸಾಸಿವೆಯೋ ಎಂದು ಮತ್ತೆ ಫೋನು ಮಾಡುತ್ತೀ. ಕಾಗದವಾದರೆ ಒಲೆಯ ಪಕ್ಕದ ಗೋಡೆಗೆ ಹಚ್ಚಿಕೊಳ್ಳಬಹುದು, ಕೈ ಹಿಟ್ಟಾಗಿದ್ದರೂ ಓದಬಹುದು. ಖಾಜಾಸಾಬನ ಟೆಂಪೋ ನಾಳೆ ಬಾಗೇವಾಡಿಗೆ ಬರುತ್ತದೆ. ಇದರ ಜೊತೆ ಒಂದು ಚೀಲ ಲಿಂಬೆಹಣ್ಣು ಕೊಟ್ಟು ಕಳಿಸುತ್ತೇನೆ. ಗ್ಯಾರೇಜಿನವರಿಗೆಲ್ಲ ಹಂಚಿ ಮುಗಿಸಬೇಡ.

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. ಹೋದ ವಾರ ನಿನ್ನ ಅತ್ತೆ ಹುಚ್ಚವ್ವ ಬಂದು ಮೊಮ್ಮಗಳು ಐಶ್ವರ್ಯಳನ್ನು ದೇವಣಗಾಂವಕ್ಕೆ ಕರೆದುಕೊಂಡು ಹೋದ ಸುದ್ದಿ ನೀನು ಹೇಳಿದ್ದು ಅರ್ಧ. ಉಳಿದರ್ಧವನ್ನು ನಿನ್ನ ಪಕ್ಕದ ಪಂಕ್ಚರ್ ಅಂಗಡಿಯ ದಿಲಾವರ ಹೇಳಿದ. "ಅಕ್ಕಾರ, ಆಯಿ ಬಸ್ ಇಳದು ಹಿಟ್ಟಿನ ಗಂಟ ಬಗಲಾಗ ಹಿಡಕೊಂಡು ಸೀದಾ ಗ್ಯಾರೇಜಿಗೇ ಬಂದ್ರು. 'ಏನೋ ಮಾಳಿಂಗಾ, ಮನ್ಯಾಗ ಹಿಟ್ಟಿಲ್ಲ, ಕೂಸು ಉಪಾಸ ಐತಿ, ನೀ ಇಲ್ಲಿ ಕುಂತು ಗಾಡಿಗೆ ಎಣ್ಣಿ ಕುಡಸಾಕತ್ತಿ?' ಅಂದ್ರು. ಮಾಳಣ್ಣ ನಟ್ ಬಿಚ್ಚೂ ಪಾನಾ ಕೈಯಾಗ ಹಿಡಕೊಂಡು, ಹೋಂವರ್ಕ್ ಮಾಡಲಾರದ ಹುಡುಗನಂಗ ನಿಂತಬಿಟ್ಟ" ಎಂದ. ನಕ್ಕೆ. ಆಮೇಲೆ ನಕ್ಕದ್ದಕ್ಕೆ ಸಂಕಟವಾಯಿತು.

ಆದದ್ದೇನೆಂದು ನಿನಗಿನ್ನೂ ತಿಳಿದಂತಿಲ್ಲ. ನನಗೆ ಐಶ್ವರ್ಯಳೇ ಫೋನಿನಲ್ಲಿ ಹೇಳಿದಳು. ಹುಚ್ಚವ್ವ ಹಿಂದಿನ ದಿನ ಫೋನಿನಲ್ಲಿ ಮೊಮ್ಮಗಳನ್ನು "ಮನ್ಯಾಗ ಹಿಟ್ಟು ಐತೇನವಾ?" ಎಂದು ಕೇಳಿದ್ದಾಳೆ. ನೀನೋ, ಗಿರಣಿಗೆ ಎಷ್ಟು ಜೋಳ ಒಯ್ಯಬೇಕೆಂದು ತಿಳಿಯದೆ ಒಂದು ಮನೆತನಕ್ಕೆ ಸಾಲುವಷ್ಟು ಬೀಸಿಸಿಕೊಂಡು ಬಂದಿದ್ದೆ. ಅದನ್ನು ನೋಡಿದ್ದ ಹುಡುಗಿ "ಹೆಚ್ಚಾಗೈತಿ ಆಯಿ" ಎಂದಿದೆ. ಭಾಳ ಐತಿ ಎಂಬ ಅರ್ಥದಲ್ಲಿ. ನಾಲ್ಕನೆಯ ಇಯತ್ತೆಯ ಕೂಸಿಗೆ ಇನ್ನೇನು ಅರ್ಥ ಗೊತ್ತು?

ನಮ್ಮ ಅವ್ವನ ಮಾತು ನೆನಪಿಸಿಕೋ. ಮನೆಯಲ್ಲಿ ಯಾವುದೂ "ಮುಗೀತು" ಎನ್ನಬಾರದು ಎನ್ನುತ್ತಿದ್ದಳು. ಹಿಟ್ಟು ತೀರಿದರೆ ಹಿಟ್ಟು ಹೆಚ್ಚಾಗೈತಿ, ಉಪ್ಪು ತೀರಿದರೆ ಉಪ್ಪು ಹೆಚ್ಚಾಗೈತಿ, ಕೈಬಳೆ ಒಡೆದರೂ ಬಳೆ ಹೆಚ್ಚಾತು. ಹುಚ್ಚವ್ವನ ಕಿವಿಗೆ ಬಿದ್ದದ್ದು ಆ ಮಾತು. ತಾಯಿಯಿಲ್ಲದ ಮೊಮ್ಮಗಳು, ಹಿರಿಯರು ಕಲಿಸಿದ ಮರ್ಯಾದೆಯ ಮಾತಿನಲ್ಲಿ, ಮನೆಯಲ್ಲಿ ಹಿಟ್ಟಿಲ್ಲವೆಂದು ಹೇಳುತ್ತಿದೆ ಎಂದುಕೊಂಡಳು. ಬೆಳಗಿನ ಮೊದಲ ಬಸ್ಸಿಗೆ ಸಿಂದಗಿಗೆ ಬಂದು, ಅಲ್ಲಿಂದ ನಿನ್ನೂರಿಗೆ ಹೊರಟಳು. ಪದ್ಯದಲ್ಲಿ ಒಂದೇ ಶಬ್ದಕ್ಕೆ ಎರಡರ್ಥ ಬಂದರೆ ನಾನು ತರಗತಿಯಲ್ಲಿ ತಲೆದೂಗಿ ಪಾಠ ಮಾಡುತ್ತೇನೆ. ಅಡುಗೆಮನೆಯಲ್ಲಿ ಬಂದರೆ ಮಗು ಊರು ಬಿಡಬೇಕಾಗುತ್ತದೆ.

ನಾನು ಹುಚ್ಚವ್ವನಿಗೆ ಫೋನು ಮಾಡಿದೆ. "ಅವ್ವಾರ, ಹಿಟ್ಟು ಮುಗದಿಲ್ರಿ. ಡಬ್ಬಿ ತುಂಬ ಐತಿ. ಭಾಳ ಐತಿ ಅನ್ನಾಕ ಹುಡುಗಿ ಹಂಗ ಅಂದಾಳ" ಎಂದೆ.

ಆ ಕಡೆಯಿಂದ ಆಕೆ, "ಇಂಥಾ ಮಾತ ಕಲಸ್ತಾರೇನ ಸಾಲ್ಯಾಗ? ನಾ ಬಸ್ಸಿನ್ಯಾಗ ಗಂಟ ತೊಡಿ ಮ್ಯಾಲ ಇಟಗೊಂಡು ಅಳಕೋತ ಬಂದೆ. ಬಾಜೂಕಿನಾಕಿ ಯಾರ ಮಣ್ಣಿಗೆ ಹೊಂಟಿ ಯವ್ವಾ ಅಂತ ಕೇಳಿದ್ಲು" ಎಂದಳು. ಇನ್ನೇನು ಸಮಾಧಾನವಾಯಿತು ಎಂದುಕೊಳ್ಳುವಷ್ಟರಲ್ಲಿ, "ಆತು, ಹಿಟ್ಟು ಐತಿ. ಒಲಿ?" ಎಂದಳು.

ನಾನು ಏನಾದರೂ ಹೇಳುವ ಮೊದಲೇ ಆಕೆ ಮುಂದುವರಿಸಿದಳು.

"ಡಬ್ಬಿ ತುಂಬ ಹಿಟ್ಟ ಇಟಗೊಂಡು ಕೂಸಿಗೆ ಖಾನಾವಳಿ ಪಾಕೀಟ ತಿನಸ್ತಾನಲ್ಲ, ಇದಕ್ಕ ಏನಂತಾರ ಹೇಳು. ನೀ ಕನ್ನಡ ಕಲಸಾಕಿ."

ಮಾಳೂ, ಆಕೆಯ ಮೇಲೆ ಸಿಟ್ಟಾಗಬೇಡ. ನಿನ್ನ ಹೆಂಡತಿಯಾಗುವ ಮೊದಲು ರೇಣುಕಾ ಆಕೆಯ ಮಗಳು. ಶ್ರಾವಣದಲ್ಲಿ ಆ ಜ್ವರ ರೇಣುಕಾಳನ್ನು ಒಯ್ದಾಗಿನಿಂದ ಆಕೆಯ ಕೈಗೆ ಸಿಕ್ಕಿರುವುದು ಈ ಒಂದು ಕೂಸು. ಆಕೆ ಕೊನೆಗೆ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: "ಎಳ್ಳಮಾಸಿ ಮುಗಸಿ ಮಂಗಳವಾರ ಸಂಜೀಕ ಐಸವ್ವನ್ನ ಕರಕೊಂಡು ಬಾಗೇವಾಡಿಗೆ ಬರ್ತೇನಿ. ನನಗೇನ ಹೋಳಗಿ ಬ್ಯಾಡ. ಒಲಿ ಉರೀತಿರಬೇಕು, ಕೂಸು ಅಪ್ಪನ ಕೈಯಾನ ಬಿಸೇದು ಉಣಬೇಕು. ಇಲ್ಲಂದ್ರ ಸಾಲೀಲಿಂದ ಹೆಸರ ತಗಸಿ ದೇವಣಗಾಂವ ಸಾಲಿಗೆ ಹಾಕ್ತೇನಿ. ಇಲ್ಲಾ, ನೀನ ಒಯ್ಯಿ. ನಿನ್ನ ಮನ್ಯಾಗೂ ಒಂದ ಕೂಸು ಓಡಾಡಿದಂಗ ಆಗ್ತೈತಿ."

ಆ ಕೊನೆಯ ಮಾತಿಗೆ ನಾನೇನೆಂದೆನೋ. "ನೋಡೂಣ್ರಿ" ಎಂದಿರಬೇಕು.

ಹೀಗಾಗಿ ಮಂಗಳವಾರದೊಳಗೆ ನೀನು ಅಡುಗೆ ಕಲಿಯಬೇಕು. ಭಯ ಬೇಡ. ಸಂಜೆಯ ಊಟವೆಂದರೆ ಮದುವೆಯ ಊಟವಲ್ಲ.

ಎಲ್ಲಕ್ಕಿಂತ ಸುಲಭ ಝುಣಕ. ಕಡಲೆಹಿಟ್ಟನ್ನು ಮೊದಲೇ ನೀರಿನಲ್ಲಿ ಗಂಟಿಲ್ಲದಂತೆ ಕಲಸಿಟ್ಟುಕೋ. ಬಾಣಲೆಗೆ ಎಣ್ಣೆ (ಹೌದು, ಮೊದಲು ಎಣ್ಣೆಯೇ), ಕಾದ ಮೇಲೆ ಸಾಸಿವೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಅರಿಶಿನ, ಉಪ್ಪು. ಆಮೇಲೆ ಕಲಸಿದ ಹಿಟ್ಟು ಸುರಿದು ಕೈ ಬಿಡದೆ ತಿರುವು. ಕೈಯೇನಾದರೂ ನಿಂತರೆ ಗಂಟಾಗುತ್ತದೆ. ಗಟ್ಟಿಯಾಗುತ್ತ ಬಂದಾಗ ಉರಿ ಸಣ್ಣದು ಮಾಡಿ ಮುಚ್ಚಿಡು. ಹಸಿವಾಸನೆ ಹೋದರೆ ಆಯಿತು. ಜೊತೆಗೆ ಒಣಗಿಸಿದ ಗರಿಗರಿ ಕಟಕ ರೊಟ್ಟಿಯನ್ನು ಹೊರಗಿನಿಂದ ಕೊಂಡು ತಾ, ಅದರಲ್ಲಿ ಅವಮಾನವೇನಿಲ್ಲ, ನಾನೂ ಪರೀಕ್ಷೆಯ ದಿನಗಳಲ್ಲಿ ತರುತ್ತೇನೆ.

ಆ ರೊಟ್ಟಿ ಉಳಿದರೆ ಮರುದಿನ ಚೂರು ಮಾಡಿ, ಮಜ್ಜಿಗೆ ಚಿಮುಕಿಸಿ, ಉಳ್ಳಾಗಡ್ಡಿ ಶೇಂಗಾ ಹಾಕಿ ಒಗ್ಗರಣೆ ಕೊಡು. ಮೇಲೆ ನಮ್ಮ ಇಂಡಿಯ ಲಿಂಬೆ ಹಿಂಡು. ಗ್ಯಾರೇಜಿನಲ್ಲಿ ಕೆಲಸ ಹೆಚ್ಚಿದ್ದು ತಡವಾಗಿ ಬಂದ ದಿನ ಕುಕ್ಕರಿನಲ್ಲಿ ಅಕ್ಕಿ, ಅದರ ಅರ್ಧದಷ್ಟು ಹೆಸರುಬೇಳೆ, ಒಂದು ಟೊಮ್ಯಾಟೊ, ಅರಿಶಿನ, ಉಪ್ಪು. ನೀರು ಧಾರಾಳ ಇರಲಿ. ಮೇಲೊಂದು ಚಮಚ ತುಪ್ಪ, ಪಕ್ಕಕ್ಕೆ ಸಂಡಿಗೆ. ಅಷ್ಟೇ. ಹುಡುಗಿಗೆ ಮೈ ಬಿಸಿಯೆನಿಸಿದ ದಿನ ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿಕೊಡು. ನುಚ್ಚನ್ನು ಮಾತ್ರ ಬೆಳಿಗ್ಗೆ ಗ್ಯಾರೇಜಿಗೆ ಹೋಗುವ ಮುನ್ನ ನೆನೆಯಿಟ್ಟು ಹೋಗಬೇಕು. ಸಂಜೆಯ ಊಟ ಅರ್ಧ ಬೆಳಿಗ್ಗೆಯೇ ಆಗಿರುತ್ತದೆ. ಉಣ್ಣುವವರಿಗೆ ಅದು ಕಾಣುವುದಿಲ್ಲ.

ಮಂಗಳವಾರಕ್ಕೆ ಮಾತ್ರ ಮುಟಗಿ ಮಾಡು.

ರೊಟ್ಟಿ ಬಡಿಯಲು ಬರುವುದಿಲ್ಲ ಎನ್ನುತ್ತೀ, ಗೊತ್ತು. ಮುಟಗಿಗೆ ತೆಳ್ಳನೆಯ ರೊಟ್ಟಿ ಬೇಡ. ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿ, ಚೆನ್ನಾಗಿ ನಾದಿ, ದಪ್ಪಗೆ ತಟ್ಟು. ದುಂಡಗೆ ಬರದಿದ್ದರೆ ಬೇಡ. ಅಂಚು ಸೀಳಿದರೆ ಸೀಳಲಿ. ಹಂಚಿನ ಮೇಲೆ ಎರಡೂ ಬದಿ ಚೆನ್ನಾಗಿ ಬೇಯಿಸು. ತೆಗೆಯುವಾಗ ಮುರಿದರೂ ಚಿಂತೆಯಿಲ್ಲ, ಹೇಗೂ ಮುರಿಯುವುದೇ ಇದೆ. ಒಳಕಲ್ಲಿನಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಉಪ್ಪು ಜಜ್ಜಿಟ್ಟುಕೊಂಡು, ರೊಟ್ಟಿ ಸುಡುತ್ತಿರುವಾಗಲೇ ಮುರಿದು ಹಾಕಿ ಕುಟ್ಟು. ಎಣ್ಣೆ ಹಾಕಿ ಕಲಸಿ, ಬಿಸಿ ಆರುವ ಮೊದಲು ಮುಷ್ಟಿಯಲ್ಲಿ ಒತ್ತಿ ಹಿಚುಕಿ ಉಂಡೆ ಮಾಡು. ಕೈ ಸುಡುತ್ತದೆ. ಸುಡದ ಕೈಯಲ್ಲಿ ಮುಟಗಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಬೇಸಿಗೆ ರಜೆಯಲ್ಲಿ ಐಶ್ವರ್ಯ ಇಲ್ಲಿಗೆ ಬಂದಿದ್ದಾಗ ಮಾಡಿಕೊಟ್ಟಿದ್ದೆ. ತಿನ್ನದೆ, ಮೇಲಿನ ಬೆರಳ ಗುರುತುಗಳನ್ನು ತಿರುವಿ ತಿರುವಿ ನೋಡಿ, "ಅತ್ತಿ, ಇದರ ಮ್ಯಾಲ ನಿನ್ನ ಬಳ್ಳ ಮೂಡ್ಯಾವ. ನಮ್ಮವ್ವನ ಬಳ್ಳ ಸಣ್ಣು" ಎಂದಳು. ಆಗ ರೇಣುಕಾ ಇದ್ದಳು. ಪಕ್ಕದಲ್ಲೇ ಕೂತು, "ನೋಡ್ರಿ, ಉಣ್ಣೂದ ಬಿಟ್ಟು ಜ್ಯೋತಿಷ್ಯ ಹೇಳಾಕತ್ತಾಳ" ಎಂದು ನಕ್ಕಿದ್ದಳು. ನಿನ್ನ ಮುಟಗಿ ನಿನ್ನ ಕೈಯಷ್ಟೇ ದೊಡ್ಡದಾಗಿರುತ್ತದೆ. ಆಗಲಿ. ಅದು ಯಾರ ಕೈಯದೆಂದು ಆ ಮಗುವಿಗೆ ಯಾರೂ ಹೇಳಬೇಕಾಗಿಲ್ಲ. ಹುಚ್ಚವ್ವನಿಗೂ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ನನಗೆ ಇದನ್ನು ಹೇಳಿದವಳೂ ಐಶ್ವರ್ಯಳೇ. "ಅಪ್ಪ ಅಡಗಿ ಮನ್ಯಾಗ ಬರಂಗಿಲ್ಲ ಅತ್ತಿ. ಬಾಗಲದಾಗ ನಿಂತು ನೀರ ಕೇಳ್ತಾನ." ನಿನಗೆ ಅಡುಗೆ ಬರುವುದಿಲ್ಲ ಎಂಬುದೊಂದೇ ಕಾರಣವಲ್ಲ, ನನಗೆ ತಿಳಿಯುತ್ತದೆ. ರೇಣುಕಾ ಡಬ್ಬಿಗಳನ್ನು ಹೇಗೆ ಸಾಲಾಗಿ ಇಟ್ಟಿದ್ದಳೋ ಹಾಗೆಯೇ ಇವೆ. ಸೌಟನ್ನು ಎಲ್ಲಿ ತೂಗುಹಾಕಿದ್ದಳೋ ಅಲ್ಲಿಯೇ ಇದೆ. ನೀನು ಒಂದನ್ನು ಎತ್ತಿದರೆ ಆಕೆ ಇಟ್ಟ ಜಾಗ ಅಳಿದುಹೋಗುತ್ತದೆ. ಆದರೆ ಮಾಳೂ, ಹಂಚು ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಕಬ್ಬಿಣದ ವಿಷಯವನ್ನು ನಿನಗೆ ನಾನು ಹೇಳಬೇಕೆ? ಮಂಗಳವಾರಕ್ಕೆ ಕಾಯಬೇಡ. ನಾಳೆಯೇ ಒಳಗೆ ಹೋಗು. ಮೊದಲ ದಿನ ಬರಿಯ ಹಾಲು ಕಾಯಿಸು, ಸಾಕು.

ಮೈ ಕಾಪಾಡಿಕೋ. ಒಲೆಯ ಮುಂದೆ ಗಡಿಬಿಡಿ ಮಾಡಬೇಡ. ಮಂಗಳವಾರ ಹುಚ್ಚವ್ವ ಬಂದಾಗ ಎದುರು ಮಾತಾಡದೆ ಕಾಲಿಗೆ ನೀರು ಕೊಟ್ಟು, ಆಕೆಗೂ ಒಂದು ಮುಟಗಿ ಬಡಿಸು. ಹುಡುಗಿ ಹೊಟ್ಟೆ ತುಂಬ ಉಂಡು ತನ್ನ ಹಾಸಿಗೆಯಲ್ಲಿ ತಾನು ಮಲಗುವಂತಾಗಲಿ. ನಿನ್ನ ಮನೆಯ ಒಲೆ ದಿನಾ ಸಂಜೆ ಉರಿಯಲಿ. ಇದೇ ನನ್ನ ಹರಕೆ, ಇದೇ ಆಶೀರ್ವಾದ.

ನಿನ್ನ ಅಕ್ಕ,
ರಾಜಶ್ರೀ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಗೋಡೆಗೆ ಹಚ್ಚಬೇಡ.

ಹುಚ್ಚವ್ವನ ಆ ಕೊನೆಯ ಮಾತನ್ನು ಅಂದು ಊಟದ ಹೊತ್ತಿಗೆ ನಮ್ಮ ಮನೆಯವರಿಗೆ ಹೇಳಿದ್ದೆ. ಮರುದಿನ ಸಂಜೆ ಅವರು ಬಜಾರದಿಂದ ಬರುವಾಗ ಮಕ್ಕಳು ಕೂತು ಬರೆಯುವಂಥ ಸಣ್ಣ ಮೇಜೊಂದನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಮದುವೆಯಾದಾಗಿನಿಂದ ನಾವಿಬ್ಬರೂ "ಆ ಖೋಲಿ" ಎಂದಷ್ಟೇ ಕರೆಯುತ್ತ ಬಂದ ಹಿಂದಿನ ಕೋಣೆಯಲ್ಲಿಟ್ಟು, "ಬರಿಯಾಕ ಬೆಳಕ ಎಡಗಡೀಲಿಂದ ಬರಬೇಕಲ್ಲ?" ಎಂದು ಕೇಳಿದರು. ಹೌದು ಎಂದೆ. ಕಿಟಕಿಯ ಕಡೆಗೆ ತಿರುಗಿಸಿಟ್ಟರು. ನಿತ್ಯ ಅದರ ಧೂಳು ಒರೆಸುತ್ತಾರೆ.

ಈ ಪತ್ರಕ್ಕೆ ಎಷ್ಟೋ ಸಲ ಕುಳಿತೆ. "ಪ್ರೀತಿಯ ತಮ್ಮ" ಎಂದು ಬರೆದ ಮೇಲೆ ಕೈ ಮುಂದೆ ಹೋಗುತ್ತಿರಲಿಲ್ಲ. ಇದರಲ್ಲಿರುವುದನ್ನೆಲ್ಲ ನೀನು ಕಲಿತರೆ ಐಶ್ವರ್ಯ ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಈಗ ಎಲ್ಲವನ್ನೂ ಬಿಡಿಸಿ ಬರೆದಿದ್ದೇನೆ, ಉಪ್ಪನ್ನೂ ಬಿಡದೆ. ಮಂಗಳವಾರ ಮುಟಗಿ ಕೆಟ್ಟರೆ ಇನ್ನೊಮ್ಮೆ ಮಾಡು. ಸೋತು ಮಾತ್ರ "ಅಕ್ಕಾ, ನೀನ ಒಯ್ಯಿ" ಎಂದು ನನಗೆ ಫೋನು ಮಾಡಬೇಡ. ನೀನು ಒಂದು ಸಲ ಅಂದರೆ ಬೇಡ ಎನ್ನುವ ಶಕ್ತಿ ನನ್ನಲ್ಲಿಲ್ಲ.

ಹುಚ್ಚವ್ವನಿಗೆ ಫೋನು ಮಾಡಿದ ದಿನದಿಂದ ರೊಟ್ಟಿ ಬಡಿಯುವಾಗ ಕೊನೆಗೊಂದು ಸಣ್ಣ ರೊಟ್ಟಿ ತಾನಾಗಿ ಆಗುತ್ತಿದೆ, ಮಗುವಿನ ತಾಟಿಗಾಗುವಷ್ಟು. ನಿನ್ನೆ ಅವರು ಬುಟ್ಟಿಯಲ್ಲಿ ಅದನ್ನು ಕಂಡು, "ಇದೊಂದ ಯಾಕ?" ಎಂದರು.

"ಹೆಚ್ಚಾತು" ಎಂದೆ.

ಯಾವ ಅರ್ಥದಲ್ಲಿ ಎಂದು ಅವರು ಕೇಳಲಿಲ್ಲ.