ಮನೆ ಖಾಲಿ ಮಾಡುವುದಿಲ್ಲ, ಆಪಾ

ಅಮೃತಹಳ್ಳಿ
ಇದ್ದತ್‌ನ ನೂರ ಹನ್ನೊಂದನೆಯ ದಿನ, ಗುರುವಾರ

ಜೈಬುನ್ನೀಸಾ ಆಪಾ ಅವರಿಗೆ ಖುರ್ಷೀದಳ ಸಲಾಮುಗಳು.

ನೀವು ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಾನೂ ಚೆನ್ನಾಗಿದ್ದೇನೆ. ಈ ಎರಡನೆಯ ಮಾತನ್ನು ನಿಮ್ಮಿಂದ ತಡೆದುಕೊಳ್ಳಲು ಆಗದೆ ಹೋದದ್ದರಿಂದಲೇ ಈ ಕಾಗದ ಬರೆಯಬೇಕಾಗಿ ಬಂದಿದೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನನ್ನ ಮೊದಲ ಮಾತಿಗೇ ನೀವು ಅಳುತ್ತೀರಿ, ಎರಡನೆಯ ಮಾತಿಗೆ ನಾನು ಕ್ಷಮೆ ಕೇಳುತ್ತೇನೆ. ನಾನು ನಿಮ್ಮ ತಮ್ಮನ ದುಲ್ಹನ್ ಆಗಿ ಬಂದ ಮೂವತ್ತೈದು ವರ್ಷಗಳಿಂದ ನಮ್ಮ ಜಗಳಗಳೆಲ್ಲ ಹೀಗೆಯೇ ಮುಗಿದಿವೆ. ಯಲಹಂಕಕ್ಕೆ ಬಂದು ಎದುರಿಗೇ ಹೇಳೋಣವೆಂದರೆ, ಗಂಡನನ್ನು ಕಳೆದುಕೊಂಡವಳು ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಇಬ್ಬರೂ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಸಿಟ್ಟನ್ನು ತಪ್ಪಿಲ್ಲದೆ ಬರೆಯಲು ನನಗೆ ಬರುವುದು ಕನ್ನಡದಲ್ಲೇ. ಕನ್ನಡಕ ಹಾಕಿಕೊಂಡು ನೀವೇ ಓದಿ. ನಿಮ್ಮ ಮಗಳು ಅನೀಸಾಳ ಕೈಗೆ ಕೊಟ್ಟು ಓದಿಸಿಕೊಳ್ಳಬೇಡಿ.

ನಿನ್ನೆ ಬೆಳಿಗ್ಗೆ ಮನೆ ಮಾಲೀಕರು ಬ್ಯಾಟರಾಯಪ್ಪ ಬಂದಿದ್ದರು. ಪಾಪ, ನಾನು ಇದ್ದತ್‌ನಲ್ಲಿದ್ದೇನೆಂದು ಬಾಗಿಲಿನ ಆಚೆಯೇ ನಿಂತು, ಗೇಟಿನ ಕಡೆ ಮುಖ ಮಾಡಿಕೊಂಡು ಮಾತಾಡಿದರು. "ಟೀಚರ್, ಮುಂದಿನ ತಿಂಗಳು ಖಾಲಿ ಮಾಡ್ತೀರಂತಲ್ಲ, ಸಾಬ್ರ ಅಕ್ಕ ಫೋನ್ ಮಾಡಿದ್ರು. ಹದಿನೆಂಟು ವರ್ಷ ಆಯ್ತು, ಮನಸ್ಸಿಗೆ ಬೇಜಾರಾಯ್ತು ಕಣಮ್ಮ. ಟು-ಲೆಟ್ ಬೋರ್ಡ್ ಹಾಕ್ಬಿಡ್ಲಾ?" ಎಂದರು. ನಾನು ಸೊಪ್ಪು ಬಿಡಿಸುತ್ತಿದ್ದೆ. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ನನ್ನ ಮನೆಯನ್ನು ನಾನು ಬಿಡುತ್ತಿರುವ ಸುದ್ದಿ ಊರಿಗೆಲ್ಲ ಗೊತ್ತಾಗಿ, ಕೊನೆಗೆ ನನಗೆ ಗೊತ್ತಾಯಿತು!

ಅನೀಸಾಳಿಗೆ ಫೋನ್ ಮಾಡಿ ಗದರಿಸಿದ ಮೇಲೆ ಎಲ್ಲವೂ ಹೊರಬಂತು. ಇದ್ದತ್ ಮುಗಿದ ಮರುದಿನವೇ ನನ್ನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗುತ್ತೀರಂತೆ, ಮಹಡಿಯ ರೂಮಿಗೆ ಬಣ್ಣವನ್ನೂ ಹೊಡೆಸಿದ್ದೀರಂತೆ. ಕಾರಣ ಕೇಳಿದರೆ ಹುಡುಗಿ ತೊದಲಿದಳು. "ಮುಮಾನಿ, ಅಮ್ಮಿ ಅವತ್ತು ನಿಮ್ಮನ್ನ ನೋಡಿದ್ರಂತೆ" ಎಂದಳು. ಹೋದ ತಿಂಗಳು ಒಂದು ದಿನ ನೀವು ಆಟೋದಲ್ಲಿ ಬಂದು, ಗೇಟಿನವರೆಗೆ ನಡೆದು, ಅಡುಗೆಮನೆಯ ಪಕ್ಕದ ಬಾಗಿಲಲ್ಲಿ ನನ್ನನ್ನು ಕಂಡು, ಕರೆಯದೆ ಹಾಗೆಯೇ ಹಿಂದಿರುಗಿದಿರಂತೆ. ಮನೆಗೆ ಹೋಗಿ ನೀವು ಹೇಳಿದ್ದೂ ನನಗೆ ಮುಟ್ಟಿದೆ: ನನ್ನ ತಮ್ಮ ಮಣ್ಣಿನಲ್ಲಿ ಮಲಗಿದ್ದಾನೆ, ದುಲ್ಹನ್ ಬಿಸಿಲು ಕಾಯಿಸಿಕೊಂಡು, ರೇಡಿಯೋ ಹಾಕಿಕೊಂಡು, ಸೀಬೆಕಾಯಿ ತಿಂದುಕೊಂಡು ಬಿದ್ದು ಬಿದ್ದು ನಗುತ್ತಿದ್ದಾಳೆ.

ನೋಡಿದ್ದೆಲ್ಲ ನಿಜ ಆಪಾ. ಒಂದನ್ನೂ ಅಲ್ಲಗಳೆಯುವುದಿಲ್ಲ. ಸೀಬೆಕಾಯಿಗೆ ಉಪ್ಪು ಖಾರವನ್ನೂ ಹಚ್ಚಿಕೊಂಡಿದ್ದೆ. ಅದು ಗೇಟಿನಿಂದ ನಿಮಗೆ ಕಂಡಿರಲಿಕ್ಕಿಲ್ಲ.

ನನ್ನ ಬಳೆಗಳನ್ನು ನೀವೇ ತೆಗೆದಿರಿ. ಅಂದಿನಿಂದ ಸುರ್ಮಾ ಮುಟ್ಟಿಲ್ಲ, ಅತ್ತರು ಮುಟ್ಟಿಲ್ಲ, ಬಣ್ಣದ ಬಟ್ಟೆ ಉಟ್ಟಿಲ್ಲ, ಗೇಟಿನ ಆಚೆ ಕಾಲಿಟ್ಟಿಲ್ಲ. ಐದು ಹೊತ್ತಿನ ನಮಾಜಿನಲ್ಲೂ ಅವರಿಗಾಗಿ ಕೈಯೆತ್ತಿದ್ದೇನೆ. ಇದರಲ್ಲಿ ಒಂದು ತಪ್ಪು ಹುಡುಕಿ ಕೊಡಿ, ತಲೆ ಬಾಗಿಸುತ್ತೇನೆ. ಆದರೆ ಚಹಾಕ್ಕೆ ಶುಂಠಿ ಹಾಕಬಾರದು, ಬಿಸಿಲು ಬಿದ್ದ ಕಡೆ ಕೂರಬಾರದು, ನಗು ಬಂದರೆ ನುಂಗಿಕೊಳ್ಳಬೇಕು ಎಂದು ಯಾವ ಮೌಲ್ವಿಯವರು ಹೇಳಿದ್ದಾರೆ? ಇದೆಲ್ಲ ನಿಮ್ಮ ನನ್ನಂಥ ಹೆಂಗಸರು ಇನ್ನೊಬ್ಬ ಹೆಂಗಸಿಗಾಗಿ ಕಟ್ಟಿಟ್ಟ ನಿಯಮ. ಹೆಂಡತಿ ಸತ್ತ ಗಂಡಸು ಮೂರನೆಯ ವಾರಕ್ಕೆ ಬಿರಿಯಾನಿ ತಿಂದರೆ, ಪಾಪ, ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಾನೆ ಎನ್ನುತ್ತೇವೆ. ನನ್ನ ಪಾಲಿಗೆ ಒಂದು ಸೀಬೆಕಾಯಿ ಹೆಚ್ಚಾಯಿತೇ?

ನಾನೇಕೆ ಅಲ್ಲಿ ಕೂತಿದ್ದೆ ಎಂಬುದನ್ನೂ ಕೇಳಿ. ಹುಣಸಮಾರನಹಳ್ಳಿಯ ಶಾಲೆಗೆ ಹೋಗಲು ಏಳೂವರೆಗೆ ಮನೆ ಬಿಡುತ್ತಿದ್ದೆ, ಬರುವಷ್ಟರಲ್ಲಿ ಸಂಜೆ ಐದು. ಭಾನುವಾರ ಬಟ್ಟೆ ಒಗೆಯುವುದು, ಉತ್ತರಪತ್ರಿಕೆ ತಿದ್ದುವುದು, ನೆಂಟರು. ಹದಿನೆಂಟು ವರ್ಷ ಈ ಮನೆಯಲ್ಲಿದ್ದೆ ಎನ್ನುತ್ತೇನೆ. ಹಗಲು ಹೊತ್ತಿನಲ್ಲಿ ಇದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇ ಕೊನೆಗೆ ನಿವೃತ್ತಳಾದೆ. ಆಮೇಲೂ ಪೆನ್ಷನ್ ಕಾಗದವೆಂದು ಆಫೀಸಿನಿಂದ ಆಫೀಸಿಗೆ ಅಲೆದೆ. "ಆ ಕಾಗದಗಳನ್ನೆಲ್ಲ ಮುಗಿಸಿಕೊಂಡು ಬಾ, ನಿನಗೆ ಮನೆ ತೋರಿಸ್ತೀನಿ" ಎಂದು ನಿಮ್ಮ ತಮ್ಮ ಹೇಳಿದ್ದರು. ನನ್ನ ಮನೆಯನ್ನು ನನಗೇ ತೋರಿಸುತ್ತಾರಂತೆ ಎಂದು ನಕ್ಕಿದ್ದೆ. ನಾನು ನಿವೃತ್ತಳಾದ ಹತ್ತೊಂಬತ್ತನೆಯ ದಿನ ಅವರು ಹೋದರು.

ಮೊದಲ ತಿಂಗಳು ನಾನು ಹೇಗಿದ್ದೆ ಎಂದು ಫೋನಿನಲ್ಲೇ ನಿಮಗೆ ಗೊತ್ತಾಗಿದೆ, ಅದನ್ನು ಬರೆಯುವುದಿಲ್ಲ. ಎರಡನೆಯ ತಿಂಗಳಲ್ಲಿ ಒಂದು ದಿನ ಅಡುಗೆಮನೆಯ ನೆಲ ಒರೆಸುವಾಗ, ಪಕ್ಕದ ಬಾಗಿಲ ಹತ್ತಿರ ಕೆಂಪು ನೆಲದಲ್ಲಿ ನಾಲ್ಕು ಸಣ್ಣ ಗುರುತು ಕಂಡವು. ಒರೆಸಿದರೂ ಹೋಗಲಿಲ್ಲ. ಏನಿರಬಹುದೆಂದು ಯೋಚಿಸಿ, ಮೂಲೆಯಲ್ಲಿದ್ದ ಅವರ ಮರದ ಸ್ಟೂಲನ್ನು ತಂದು ಇಟ್ಟೆ. ನಾಲ್ಕೂ ಕಾಲು ಸರಿಯಾಗಿ ಕೂತವು. ಕೆಲಸ ಬಿಟ್ಟು ಸುಮ್ಮನೆ ಅದರ ಮೇಲೆ ಕೂತೆ. ಹನ್ನೊಂದು ಗಂಟೆಗೆ ಎರಡು ಮನೆಗಳ ಸಂದಿಯಿಂದ ಬಿಸಿಲು ಬಂದು ನೇರ ನನ್ನ ಮಂಡಿಯ ಮೇಲೆ ಬಿತ್ತು. ಮುಕ್ಕಾಲು ಗಂಟೆ ಇತ್ತು, ಆಮೇಲೆ ಹೋಯಿತು. ಕೂತಲ್ಲಿಂದ ಕೈ ಚಾಚಿದರೆ ಶೆಲ್ಫಿನ ಮೇಲಿನ ರೇಡಿಯೋ ಸಿಗುತ್ತದೆ. ಅದರ ಗುಂಡಿ ಅಲುಗಾಡದಂತೆ ಬೆಂಕಿಕಡ್ಡಿ ಸಿಕ್ಕಿಸಿಟ್ಟಿದ್ದಾರೆ, ಒಂದೇ ಸ್ಟೇಷನ್ ಬರುತ್ತದೆ. ಆ ಹೊತ್ತಿಗೆ ರೈತರಿಗೆ ಸಲಹೆ ಕೊಡುತ್ತಾರೆ. ಮನೆಯಲ್ಲಿ ಒಂದು ತುಳಸಿಯಷ್ಟು ಗಿಡವೂ ಇಲ್ಲದ ನಾನು ಈಗ ದಾಳಿಂಬೆಯ ಚುಕ್ಕೆ ರೋಗದ ಬಗ್ಗೆ ಯಾರಿಗೆ ಬೇಕಾದರೂ ಪಾಠ ಹೇಳಬಲ್ಲೆ.

ಹಾಗೆ ಕೂತಿದ್ದಾಗ ನಡುವಿನ ಮೋಟುಗೋಡೆಯ ಮೇಲೆ ಯಾರೋ ಸ್ಟೀಲ್ ಲೋಟದಿಂದ ಮೂರು ಸಲ ಕುಟ್ಟಿದರು. ಬ್ಯಾಟರಾಯಪ್ಪನವರ ತಾಯಿ, ಮುನಿಯಲ್ಲಮ್ಮ. ನನ್ನನ್ನು ಕಂಡು ಮುದುಕಿಗೇ ಗಾಬರಿಯಾಯಿತು. "ಅಯ್ಯೋ, ರೇಡಿಯೋ ಕೇಳಿಸ್ತು, ಸ್ಟೂಲ್ ಕಾಣಿಸ್ತು, ಮರ್ತೇಬಿಟ್ಟೆ ಕಣವ್ವ, ಕೈ ತಾನಾಗೇ ಓಯ್ತು" ಎಂದು ಕಣ್ಣು ಒರೆಸಿಕೊಂಡಳು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಾಗಿನಿಂದ, ಆರು ವರ್ಷ, ದಿನಾ ಹನ್ನೊಂದಕ್ಕೆ ಆ ಲೋಟಕ್ಕೆ ನಿಮ್ಮ ತಮ್ಮ ಶುಂಠಿ ಚಹಾ ಹುಯ್ಯುತ್ತಿದ್ದರಂತೆ. ಅವಳು ಈ ಕಡೆಗೆ ಕರಿಬೇವು, ಸೀಬೆಕಾಯಿ, ಒಮ್ಮೊಮ್ಮೆ ಬಿಸಿ ಆಂಬೊಡೆ ದಾಟಿಸುತ್ತಿದ್ದಳಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ. ನಾನು ಎದ್ದು ಚಹಾ ಮಾಡಿದೆ. ಅಂದಿನಿಂದ ದಿನಾ ಮಾಡುತ್ತಿದ್ದೇನೆ.

ಈಗ ನೀವು ಕಂಡ ನಗುವಿಗೆ ಬರುತ್ತೇನೆ. ಆ ದಿನ ಮುನಿಯಲ್ಲಮ್ಮ ಗೋಡೆಗೆ ಮೊಣಕೈ ಊರಿಕೊಂಡು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನಾಕೂಮುಕ್ಕಾಲು ಆಯ್ತು ಅಂದ್ರೆ ಮಜೀದ್ ಸಾಬ್ರು ದಡಬಡ ಅಂತ ಏಳೋರು ಕಣವ್ವ. ರೇಡಿಯೋ ಆಫ್ ಮಾಡೋರು, ಸ್ಟೂಲ್ ಮೂಲೆಗಿಡೋರು, ಲೋಟ ತೊಳ್ದು ಬೋರಲಾಕೋರು. ಆಮೇಲೆ ಓಗಿ ಗೋಡೆ ಕಡೆ ಮುಖ ಮಾಡ್ಕೊಂಡು ಮನಿಕ್ಕಳೋರು. ಯಾಕ್ ಸಾಬ್ರೆ ಇಂಗೆ ನಾಟಕ ಅಂದ್ರೆ, ಆಯಮ್ಮ ನಲವತ್ತು ಮಕ್ಕಳ ತಾವ ಗಂಟಲು ಅರ್ಕೊಂಡು, ಬಸ್ಸಲ್ಲಿ ನಿಂತ್ಕೊಂಡು ಬರ್ತದೆ, ನಾನು ಇಲ್ಲಿ ರಾಜನಂಗೆ ಕೂತಿದ್ರೆ ಒಟ್ಟೆ ಉರಿಯಾಕಿಲ್ವಾ ಅನ್ನೋರು."

ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಅರವತ್ತೈದು ವರ್ಷದ ಮನುಷ್ಯ ಪಾಠ ಓದದ ಹುಡುಗನ ಹಾಗೆ ನನ್ನ ಚಪ್ಪಲಿ ಸದ್ದಿಗೆ ಓಡಿಹೋಗಿ ಮುಸುಕೆಳೆದುಕೊಂಡು ಮಲಗುವುದು! ನಾನು ಬಂದು ಬ್ಯಾಗನ್ನು ಕುಕ್ಕಿ, "ಇಡೀ ದಿನ ಮಲಗೇ ಇರ್ತೀರಲ್ಲ, ಬೇಜಾರಾಗಲ್ವಾ" ಎಂದು ರೇಗುವುದು, ಅವರು "ಏನ್ ಮಾಡೋದು" ಎಂದು ದೊಡ್ಡದಾಗಿ ನಿಟ್ಟುಸಿರು ಬಿಡುವುದು! ನಕ್ಕೆ ಆಪಾ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗುವಿನಲ್ಲೇ ಅಳು ಬಂತು, ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಇನ್ನೈದು ನಿಮಿಷ ಗೇಟಿನಲ್ಲಿ ನಿಂತಿದ್ದರೆ ಅದನ್ನೂ ನೀವು ಕಾಣುತ್ತಿದ್ದಿರಿ. ಅರ್ಧ ನೋಡಿ ಪೂರ್ತಿ ತೀರ್ಪು ಬರೆದಿರಿ.

ನನಗೆ ನನ್ನ ಮೇಲೂ ಸಿಟ್ಟಿದೆ. ನಾನು ಒಮ್ಮೆಯಾದರೂ ನಗುನಗುತ್ತಾ ಮನೆಯೊಳಗೆ ಬಂದಿದ್ದರೆ ಅವರು ಸ್ಟೂಲನ್ನು ಎತ್ತಿಡುತ್ತಿರಲಿಲ್ಲ, ನನಗೂ ಒಂದು ಲೋಟ ಚಹಾ ಇಟ್ಟಿರುತ್ತಿದ್ದರು. ನಾನು ನೊಂದುಕೊಳ್ಳುತ್ತೇನೆಂದು ಅವರು ತಮ್ಮ ಸುಖವನ್ನು ಆರು ವರ್ಷ ಮುಚ್ಚಿಟ್ಟರು. ಈಗ ನೀವು ನೊಂದುಕೊಳ್ಳುತ್ತೀರೆಂದು ನಾನೂ ಮುಚ್ಚಿಡಬೇಕೇ? ನಿಮ್ಮ ಆಟೋ ಸದ್ದು ಕೇಳಿದ ತಕ್ಷಣ ರೇಡಿಯೋ ಆರಿಸಿ, ಸೆರಗು ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಮಲಗಬೇಕೇ? ನಿಮ್ಮ ಮಹಡಿಯ ರೂಮಿನಲ್ಲಿ ನಾನು ಮಾಡಬೇಕಾದದ್ದು ಅದೇ. ನೀವು ಮೂರು ಹೊತ್ತು ಊಟ ತಂದುಕೊಡುತ್ತೀರಿ, ಬಂದವರಿಗೆಲ್ಲ ನನ್ನನ್ನು ತೋರಿಸುತ್ತೀರಿ, ಅವರು ತಲೆಯಾಡಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ನನಗೆ ಬೇಡ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಕಾಗದ ಮಡಿಚುವಾಗ ಒಂದು ಮಾತು ನೆನಪಾಯಿತು. ಮಣ್ಣಾದ ಮೂರನೆಯ ದಿನ ನೀವು ನನ್ನ ಕಿವಿಯ ಹತ್ತಿರ ಬಂದು, "ಹೆಬ್ಬಾಳದ ಅಂಗಡಿ ಮುಚ್ಚಿಸಿದೋಳು ನಾನೇ ಕಣೇ ದುಲ್ಹನ್, ಮನೇಲಿ ಕೂರಿಸಿ ಕೂರಿಸಿ ನಾನೇ ಅವನನ್ನ ಕೊಂದೆ" ಎಂದಿರಿ. ನಾನು ಆಗ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವರಿಗೆ ಎದೆನೋವು ಬಂದಾಗ ಮಿಕ್ಸಿ ರಿಪೇರಿ ಸಾಕು ಎಂದು ಹಟ ಹಿಡಿದವರು ನೀವು, ಹೌದು. ತಾಯಿ ಸತ್ತಾಗ ಆರು ವರ್ಷದ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರೂ ನೀವೇ. ತಮ್ಮ ಸತ್ತರೆ ಅಕ್ಕನ ಶೋಕಕ್ಕೆ ನಮ್ಮಲ್ಲಿ ಮೂರೇ ದಿನ. ನನಗೆ ನಾಲ್ಕು ತಿಂಗಳು ಹತ್ತು ದಿನ ಸಿಕ್ಕಿತು, ನೀವು ನಾಲ್ಕನೆಯ ದಿನ ಎದ್ದು ಎಲ್ಲರಿಗೂ ಅಡುಗೆ ಮಾಡಿದಿರಿ. ಅಂದಿನಿಂದ ನೀವು ಈ ಮನೆಯೊಳಗೆ ಕಾಲಿಟ್ಟಿಲ್ಲ. ನನ್ನನ್ನು ಕರೆದುಕೊಂಡು ಹೋಗುವುದಕ್ಕಿಂತ ಹೆಚ್ಚಾಗಿ ಈ ಮನೆಯೇ ಇಲ್ಲವಾಗಲಿ ಎನ್ನಿಸಿದೆಯಲ್ಲವೇ ನಿಮಗೆ? ಇಲ್ಲಿ ನಿಮ್ಮ ತಮ್ಮ ಆರು ವರ್ಷ ಕೊಳೆತು ಸತ್ತ ಎಂದು ನಂಬಿದ್ದೀರಿ.

ಕೊಳೆಯಲಿಲ್ಲ ಆಪಾ. ಮಜವಾಗಿದ್ದರು. ನಮ್ಮಿಬ್ಬರ ಕಣ್ಣು ತಪ್ಪಿಸಿ ದಿನಾ ಮಜವಾಗಿದ್ದರು. ಅಂಗಡಿ ಮುಚ್ಚಿಸಿ ನೀವು ಅವರಿಗೆ ಕೊಟ್ಟದ್ದು ಆ ಮಜವನ್ನೇ, ಅದು ನಿಮಗೆ ಗೊತ್ತಾಗದೆ ಹೋಯಿತು. ಈ ಮನೆಗೆ ಬೇರೆಯವರು ಬಂದು, ನೆಲಕ್ಕೆ ಟೈಲ್ಸ್ ಹಾಕಿಸಿದರೆ, ಇದನ್ನು ನಿಮಗೆ ನಂಬಿಸಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ಆದ್ದರಿಂದ ಈ ಕಾಗದ ಓದಿ ಮುಗಿಸಿದ ಕೂಡಲೇ ಬ್ಯಾಟರಾಯಪ್ಪನವರಿಗೆ ಫೋನ್ ಮಾಡಿ, ಬೋರ್ಡು ಬೇಡವೆಂದು ನೀವೇ ಹೇಳಿ. ನೀವು ಕಟ್ಟಿದ ಗಂಟನ್ನು ನೀವೇ ಬಿಚ್ಚಬೇಕು. ಆಮೇಲೆ ಶನಿವಾರ ಬನ್ನಿ. ಗೇಟಿನಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ. ಚಂದ್ರನ ತಿಂಗಳ ಲೆಕ್ಕದಲ್ಲಿ ನನ್ನದು ಇನ್ನು ಹದಿನೇಳು ದಿನ ಬಾಕಿ ಇದೆ. ಅದರಲ್ಲಿ ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದು, ಮೂರು ದಿನಕ್ಕೆ ಮುಗಿಯದೆ ಉಳಿದದ್ದನ್ನೆಲ್ಲ ಅತ್ತು ಮುಗಿಸಿ. ಸ್ಟೂಲು ಒಂದೇ ಇರುವುದು. ನೀವು ಅದರ ಮೇಲೆ ಕೂತುಕೊಳ್ಳಿ, ನಾನು ಹೊಸಿಲ ಮೇಲೆ ಕೂರುತ್ತೇನೆ.

ನಿಮ್ಮ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ನಿಮ್ಮ ರಾತ್ರಿಗಳಿಗೆ ಅಲ್ಲಾಹ್ ನಿದ್ದೆ ಕೊಡಲಿ.

ಇನ್ನೂ ಸಿಟ್ಟಿನಲ್ಲಿರುವ, ನಿಮ್ಮ ದಾರಿ ಕಾಯುವ,
ನಿಮ್ಮ ದುಲ್ಹನ್
ಖುರ್ಷೀದ್